ಮೂರು ಹೊಲಿಗೆ

"ಕತ್ತರಿ ಹಾಕಬೇಡ ಅಕ್ಕಾ, ಫೋಟೋದಲ್ಲಿ ಗೊತ್ತಾಗಿಬಿಡುತ್ತೆ. ಸೂಜಿ ಮೊನೆಯಿಂದ ಎಬ್ಬಿಸು," ಎಂದ ತಮ್ಮ.

ಅಕ್ಕ ಮೇಜಿನ ಮೇಲಿದ್ದ ಹೊಸ ಚೀಲವನ್ನು ಹತ್ತಿರ ಎಳೆದುಕೊಂಡಳು. ಆನ್‌ಲೈನಿನಲ್ಲಿ ತರಿಸಿದ ಚೀಲ. ದಪ್ಪ ಬಟ್ಟೆ, ಹೆಗಲಿಗೆ ಚರ್ಮದ ಪಟ್ಟಿ. ಅದರ ಮೇಲೆ ಹೊರಿಸುವಂಥ ತಪ್ಪೇನೂ ಇರಲಿಲ್ಲ. ಇವಳ ಊಟದ ಡಬ್ಬಿ, ಏಪ್ರನ್ ಎರಡೂ ಒಟ್ಟಿಗೆ ಹಿಡಿಸುತ್ತಿರಲಿಲ್ಲ, ಅಷ್ಟೇ. ಅಳತೆಯನ್ನು ಚಿತ್ರದ ಕೆಳಗೆ ಬರೆದೇ ಇದ್ದರು, ಇವಳು ಓದಿರಲಿಲ್ಲ. ವಾಪಸ್ ಕಳಿಸಲು ಹೊರಟಾಗ ಕಂಡದ್ದು ಇನ್ನೊಂದು ಸಾಲು: ಕೊಂಡವರಿಗೇ ಬೇಡವೆನಿಸಿ ಮರಳಿಸಿದರೆ ಸಾಗಣೆ, ಮರುಪ್ಯಾಕಿಂಗ್ ಎಂದು ಬೆಲೆಯ ಅರ್ಧದಷ್ಟು ಕಡಿತ.

"ಬೇಡವೆನಿಸಿತು ಅಂತ ಯಾರಾದರೂ ಒತ್ತುತ್ತಾರಾ? 'ಹೊಲಿಗೆ ಬಿಟ್ಟಿದೆ' ಅಂತ ಒತ್ತು, ಒಂದು ಪೈಸೆ ಹಿಡಿಯಲ್ಲ. ಅಷ್ಟು ದೊಡ್ಡ ಕಂಪನಿಗೆ ಇದು ಯಾವ ಲೆಕ್ಕ?" ಎಂದಿದ್ದ ತಮ್ಮ.

ಕಾಲೇಜಿನ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡ್ ಹಾಕುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಸೂಜಿ ದಾರ ಹಿಡಿದ ಕೈ. ಅದಕ್ಕೇ ಏನೋ, ಪೊಟ್ಟಣ ಬಿಚ್ಚಿದ ದಿನ ಚೀಲಕ್ಕಿಂತ ಮೊದಲು ಹೊಲಿಗೆಯೇ ಅವಳ ಕಣ್ಣಿಗೆ ಬಿದ್ದಿತ್ತು. ಪಟ್ಟಿಯ ಬುಡದಲ್ಲಿ ಮೇಣ ತೀಡಿದ ದಾರದಿಂದ ಕೈಯಲ್ಲೇ ಹಾಕಿದ ಹೊಲಿಗೆ. ಒಂದೂ ಆಚೀಚೆ ಸರಿದಿರಲಿಲ್ಲ. ಈಗ ಅದಕ್ಕೇ ಸೂಜಿ ತೂರಿಸಿದರೆ ಜಪ್ಪಯ್ಯ ಅಂದರೂ ಏಳಲೊಲ್ಲದು. ಅಂತೂ ಮೂರು ಹೊಲಿಗೆ ಬಿಚ್ಚಿದಳು. ತಮ್ಮ ಫೋಟೋ ತೆಗೆಯುವಾಗ ಅವಳು ಕಿಟಕಿಯ ಕಡೆ ನೋಡಿದಳು. ನಾಲ್ಕನೆಯ ದಿನಕ್ಕೆ ಪೂರ್ತಿ ಹಣ ವಾಪಸ್ ಬಂತು. "ನೋಡಿದೆಯಾ?" ಎಂದ ತಮ್ಮ.

ಮುಂದಿನ ವಾರ ಒಂದು ಮಧ್ಯಾಹ್ನ, ಬೈಂಡಿಂಗ್ ಕೋಣೆಯಲ್ಲಿ ಅವಳು ನಿಘಂಟೊಂದರ ಬೆನ್ನಿಗೆ ಅಂಟು ಹಚ್ಚುತ್ತಿದ್ದಾಗ ಫೋನ್ ಬಂತು. ವಯಸ್ಸಾದ ಗಂಡಸಿನ ದನಿ.

"ವಾಪಸ್ ಬಂದ ಚೀಲದ ಚೀಟಿಯಲ್ಲಿ ನಿಮ್ಮ ನಂಬರ್ ಇತ್ತಮ್ಮಾ. ಆ ಚೀಲ ನಾವು ಮಾಡಿದ್ದು. ಜಗಳಕ್ಕೆ ಫೋನ್ ಮಾಡಿದ್ದಲ್ಲ, ತಪ್ಪು ತಿಳ್ಕೋಬೇಡಿ. ನಿಮಗೆ ದುಡ್ಡು ಬಂತಾ?"

"ಬಂತು."

"ಸರಿ. ಕಂಪನಿಯವರು ಅದನ್ನ ನಮ್ಮ ಪಾಲಿನಲ್ಲಿ ಹಿಡ್ಕೊಂಡರು, ಇರಲಿ. ಒಂದು ಮಾತು ಕೇಳಬೇಕಿತ್ತು. ಹೊಲಿಗೆ ನಿಮ್ಮ ಕೈಗೆ ಬಂದಾಗಲೇ ಬಿಟ್ಟಿತ್ತಾ, ಇಲ್ಲ ಭಾರ ಹಾಕಿದ ಮೇಲೆ ಬಿಟ್ಟುಕೊಂಡಿತಾ?"

ಅಂಟಿನ ಕುಂಚ ಅವಳ ಕೈಯಲ್ಲೇ ಉಳಿಯಿತು. "ಯಾಕೆ?" ಎಂದಳು.

"ಹೊಲಿಯೋದು ನಮ್ಮನೆಯವಳು. ಹೋದ ವರ್ಷ ಅವಳಿಗೆ ಕಣ್ಣಿನ ಆಪರೇಷನ್ ಆಯಿತು. ಆಮೇಲೆ ಹೊಲಿದ ಮೊದಲನೇ ಚೀಲ ಇದು. ವಾಪಸ್ ಬಂದಾಗಿನಿಂದ ತೊಡೆ ಮೇಲಿಟ್ಟುಕೊಂಡು ಅದೇ ಜಾಗ ಮುಟ್ಟಿ ಮುಟ್ಟಿ ನೋಡ್ತಾಳೆ. ಬಿಗಿಯಾಗೇ ಎಳೆದಿದ್ದೆ ಅಂತಾಳೆ. ಎಳೆದಿದ್ದರೆ ಬಿಡುತ್ತಿತ್ತಾ ಅಂತ ತಾನೇ ಕೇಳ್ಕೋತಾಳೆ. ನಿನ್ನೆ, ಈ ಸೂಜಿ ದಾರ ಎಲ್ಲ ಯಾರಿಗಾದರೂ ಕೊಟ್ಟುಬಿಡಿ, ಇನ್ನು ನನ್ನ ಕೈಲಾಗಲ್ಲ ಅಂದುಬಿಟ್ಟಳು." ಆತ ದನಿ ತಗ್ಗಿಸಿದ. "ಭಾರ ಜಾಸ್ತಿಯಾಗಿ ಬಿಟ್ಟಿತು ಅಂತ ನೀವು ಹೇಳಿದರೆ, ಅವಳಿಗೆ ಅಷ್ಟು ಸಾಕು."

ಹಾಗೆ ಹೇಳಿಬಿಡುವುದು ಎಷ್ಟು ಸುಲಭ! ಆತನೇ ಮಾತನ್ನು ಬಾಯಿಗೆ ಇಟ್ಟುಕೊಟ್ಟಿದ್ದಾನೆ. ಅವರ ಮನೆಯಲ್ಲಿ ನೆಮ್ಮದಿ, ಇವಳ ಮಾನವೂ ಉಳಿದೀತು. "ಹೌದು, ಭಾರಕ್ಕೆ..." ಎನ್ನಲು ಬಾಯಿ ತೆರೆದಳು. ಆದರೆ ಭಾರಕ್ಕೆ ಬಿಟ್ಟ ಹೊಲಿಗೆಯೂ ಬಿಟ್ಟ ಹೊಲಿಗೆಯೇ. ಅದು ಇವಳಿಗೆ ಗೊತ್ತು. ಆ ಹೆಂಗಸಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಇನ್ನು ಪ್ರತಿ ಸಲ ದಾರ ಎಳೆಯುವಾಗಲೂ ಆಕೆಯ ಕೈ ಅಳುಕುತ್ತದೆ.

"ಹೊಲಿಗೆ ಬಿಟ್ಟಿರಲೇ ಇಲ್ಲ," ಎಂದಳು. "ನಾನೇ ಸೂಜಿಯಿಂದ ಬಿಚ್ಚಿದ್ದು. ಚೀಲ ಚಿಕ್ಕದಾಯಿತು ಅಂದರೆ ದುಡ್ಡು ಹಿಡಿಯುತ್ತಿದ್ದರು. ಅದನ್ನ ಉಳಿಸೋಕೆ ಸುಳ್ಳು ಹೇಳಿದೆ. ನಿಮಗೆ ಹೋದದ್ದನ್ನ ನಾನು ಕಳಿಸಿಕೊಡ್ತೀನಿ."

ಬೈಗುಳಕ್ಕೆ ಕಾಯುತ್ತಾ ನಿಂತಳು.

"ದುಡ್ಡಿನ ಮಾತು ಆಮೇಲೆ," ಎಂದ ಆತ ಕೊನೆಗೆ. "ಈಗ ಹೇಳಿದ್ದನ್ನ ಅವಳಿಗೇ ಹೇಳಿ. ನಾನು ಹೇಳಿದರೆ ಸಮಾಧಾನಕ್ಕೆ ಕಟ್ಟಿದ ಕಥೆ ಅಂದ್ಕೋತಾಳೆ."

ಫೋನ್ ಕೈಯಿಂದ ಕೈಗೆ ದಾಟಿದ ಸದ್ದು. ಒಬ್ಬ ಹೆಂಗಸಿನ ಉಸಿರು. ಒಮ್ಮೆ ಆಡಿದ ಮಾತು ಎರಡನೇ ಸಲ ಸಲೀಸಾಗಬೇಕಿತ್ತು, ಆಗಲಿಲ್ಲ. ತಡವರಿಸುತ್ತಲೇ ಎಲ್ಲವನ್ನೂ ಹೇಳಿದಳು. ತಾನೂ ಹೊಲಿಯುವವಳೇ ಎಂದು ಹೇಳಿಕೊಳ್ಳಲು ಮಾತ್ರ ನಾಲಿಗೆ ಏಳಲಿಲ್ಲ.

"ಮೂರೇನಾ ಬಿಚ್ಚಿದ್ದು?" ಕೇಳಿದಳು ಆ ಹೆಂಗಸು.

"ಮೂರೇ. ಅಷ್ಟಕ್ಕೇ ಕೈ ಸೋತುಹೋಯಿತು."

"ಸೋಲಲೇಬೇಕು," ಎಂದಳು ಆಕೆ. ಆಮೇಲೆ ಯಾವುದೋ ಕುರ್ಚಿಯನ್ನು ಎಳೆದ ಸದ್ದು. "ನಿನ್ನ ಮೇಲೆ ನನಗೆ ಸಿಟ್ಟು ಬರಬೇಕಮ್ಮಾ. ಬರುತ್ತೆ, ನಾಳೆ ಬರುತ್ತೆ. ಇವತ್ತು ಹೊಲಿಯೋದಿದೆ, ಫೋನ್ ಇಡು."