ನಾಲ್ಕು ಇಟ್ಟಿಗೆ

ಬಾಣಂತಿ ಕೋಣೆಯ ಬಾಗಿಲು ತಳ್ಳಿದ ಕೂಡಲೇ ಬಿಸಿ ಮುಖಕ್ಕೆ ಹೊಡೆಯಿತು. ಕರಿಯಣ್ಣ ಹೆಗಲ ಟವೆಲನ್ನು ಕೈಗೆ ಸುತ್ತಿಕೊಂಡವನೇ, ಮಗಳು ಮಲಗಿದ್ದ ಮಂಚದಡಿಯಿಂದ ಕೆಂಡದ ಅಗ್ಗಿಷ್ಟಿಕೆಯನ್ನು ಎಳೆದು, ಹೊತ್ತೊಯ್ದು ಅಂಗಳಕ್ಕೆ ಸುರಿದ. ತಿರುಗಿ ಬಂದು ಕಿಟಕಿ ಸಂದಿಗೆ ತುರುಕಿದ್ದ ಹಳೇ ಸೀರೆಗಳನ್ನೆಲ್ಲ ಕಿತ್ತ. ಭದ್ರಾವತಿಯ ಡಿಸೆಂಬರ್ ಸಂಜೆಯ ಗಾಳಿ ನೇರ ಒಳಗೆ ನುಗ್ಗಿತು. ಎಂಟು ದಿನದ ಕೂಸು ಅಳಲೂ ತ್ರಾಣವಿಲ್ಲದೆ ಮುಲುಕಿತು.

“ಬಾಣಂತಿ ಕೋಣೆಗೆ ಗಾಳಿ ಬಿಡ್ತಾರೇನ್ರೀ ಯಾರಾದ್ರೂ?” ಹೆಂಡತಿ ಹಾಲಮ್ಮ ಅಡುಗೆಮನೆಯಿಂದ ಓಡಿ ಬಂದಳು.

“ಮುಚ್ಚಿದ ಕೋಣೇಲಿ ಕೆಂಡ ಇಟ್ರೆ ಬೆಳಿಗ್ಗೆ ಎರಡು ಹೆಣ ಎತ್ಬೇಕಾಗುತ್ತೆ. ಫೌಂಡ್ರೀಲಿ ನಮ್ಮ ಬೀರಪ್ಪ ಹೆಂಗೆ ಹೋದ? ಮೈಮೇಲೆ ಒಂದು ಬೊಬ್ಬೆ ಇರ್ಲಿಲ್ಲ. ಗ್ಯಾಸ್ ಕುಡಿದು, ನಿದ್ದೆ ಬಂದಂಗೆ ಹೋದ.”

“ನಮ್ಮವ್ವ ನನಗೆ ಮೂರು ತಿಂಗಳು ಕೆಂಡ ಇಟ್ಟಿದ್ಲು. ನಾನು ಸತ್ನಾ?”

“ನಿಮ್ಮವ್ವನದು ಹೆಂಚಿನ ಮನೆ ಮಾರಾಯ್ತಿ, ಗ್ಯಾಸು ಸಂದೀಲಿ ಹೊರಗೆ ಹೋಗ್ತಿತ್ತು. ಇದು ತಾರಸಿ.”

ಹಾಲಮ್ಮ ತಾರಸಿಯನ್ನು ಒಮ್ಮೆ ನೋಡಿದಳು. ಅದರಿಂದ ಒಂದು ಆರಿದ ಬಲ್ಬು ತೂಗುತ್ತಿತ್ತು. ಕೂಸು ತಿಂಗಳ ಮೊದಲೇ ಹುಟ್ಟಿ ಒಂದೂಮುಕ್ಕಾಲು ಕೆಜಿ ತೂಗಿತ್ತು. ಸದಾ ಬೆಚ್ಚಗಿಡಿ, ಪಾದ ಮುಟ್ಟಿ ನೋಡ್ತಾ ಇರಿ, ಪಾದ ತಣ್ಣಗಾದರೆ ಅಪಾಯ ಎಂದು ಶಿವಮೊಗ್ಗದ ಡಾಕ್ಟರು ಹತ್ತು ಸಲ ಹೇಳಿ ಕಳಿಸಿದ್ದರು. ಮಂಚದ ಮೇಲೆ ಇಳಿಬಿಟ್ಟ ಇನ್ನೂರು ವ್ಯಾಟಿನ ಆ ಬಲ್ಬೇ ಅದನ್ನು ಕಾದಿತ್ತು. ಸೋಮವಾರ ಫೌಂಡ್ರಿ ಕ್ವಾರ್ಟರ್ಸಿಗೆಲ್ಲ ಕರೆಂಟು ಕಿತ್ತರು. ಮುಚ್ಚಿದ ಫೌಂಡ್ರಿಯನ್ನು ಹರಾಜಿನಲ್ಲಿ ಹಿಡಿದ ಹೊಸ ಧಣಿಗೆ ಸಂಕ್ರಾಂತಿಯೊಳಗೆ ಮನೆಗಳು ಖಾಲಿಯಾಗಬೇಕಿತ್ತು. ಮಗಳು ಸ್ಫೂರ್ತಿಯನ್ನು ಹೊಳಲೂರಿನ ಗಂಡನ ಮನೆಗೆ ಕಳಿಸಬಹುದಿತ್ತು. ಆದರೆ ಚೊಚ್ಚಲ ಬಾಣಂತಿಯನ್ನು ಎಂಟೇ ದಿನಕ್ಕೆ ಹಿಂದಕ್ಕೆ ಅಟ್ಟಿದ ತವರು ಅನ್ನಿಸಿಕೊಂಡರೆ ಬೀಗರೆದುರು ತಲೆ ಎತ್ತುವುದು ಹೇಗೆ?

“ಇಪ್ಪತ್ತಾರು ವರ್ಷ ಫೌಂಡ್ರಿಯವರ ಬೆಂಕಿ ಕಾದ್ರಿ,” ಎಂದಳು ಹಾಲಮ್ಮ. “ಒಂದು ಹಿಡಿ ಕೂಸು ಬೆಚ್ಚಗಿಡೋದು ಮಾತ್ರ ಬರಲ್ಲ ನಿಮಗೆ.”

ಕರಿಯಣ್ಣ ಕತ್ತಲಾಗುವ ಮುಂಚೆ ಫೌಂಡ್ರಿಯ ಕಾಂಪೌಂಡಿನ ಬಿರುಕಿನಲ್ಲಿ ನುಸುಳಿದ. ಒಡೆದು ಗುಡ್ಡೆ ಹಾಕಿದ್ದ ಕುಲುಮೆಯಿಂದ ನಾಲ್ಕು ಫೈರ್ ಬ್ರಿಕ್ ಆರಿಸಿ, ಎರಡೆರಡಾಗಿ ಹೊತ್ತು ತಂದ. ಅವನೇ ಒಂದು ಕಾಲಕ್ಕೆ ಸಾಲಿಟ್ಟು ಕಟ್ಟಿದ ಇಟ್ಟಿಗೆಗಳು. ಒಮ್ಮೆ ಬೆಂಕಿ ಕುಡಿದರೆ ಸುಲಭಕ್ಕೆ ಬಿಟ್ಟುಕೊಡುವ ಜಾತಿಯಲ್ಲ. ಹಿತ್ತಿಲಿನ ಹಂಡೆ ಒಲೆಯಲ್ಲಿ ಎರಡು ಕಾಯುವಾಗ ಇನ್ನೆರಡು ಗೋಣಿಚೀಲ ಸುತ್ತಿಕೊಂಡು ಮಂಚದಡಿ ಕೂತವು. ಹೊಗೆಯಿಲ್ಲ, ಗ್ಯಾಸಿಲ್ಲ, ಕಿಟಕಿ ಬೆರಳಗಲ ತೆರೆದೇ ಇತ್ತು. ಬೆಳಿಗ್ಗೆ ಹಾಲಮ್ಮ ಕೂಸಿನ ಪಾದ ಮುಟ್ಟಿದಳು, ಕೆನ್ನೆಗೊತ್ತಿಕೊಂಡಳು, ಆಮೇಲೆ ಎಂದೂ ಇಲ್ಲದ್ದು ಗಂಡನ ಲೋಟಕ್ಕೆ ಕಾಫಿ ತುಂಬ ಹೊಯ್ದಳು. ನಿನ್ನ ಮೊಮ್ಮಗ ಬೆವರ್ತಿದಾನೆ, ಬೀಸಣಿಗೆ ತಗೊಂಡು ಬಾ ಅಪ್ಪ, ಎಂದು ಸ್ಫೂರ್ತಿ ಒಳಗಿನಿಂದ ಗೇಲಿ ಮಾಡಿದಳು.

ಮೂರನೇ ದಿನ ಬೆಳಿಗ್ಗೆ, ಮಂಜು ಕರಗುವ ಮೊದಲೇ, ಹೊಸ ಧಣಿಯ ಸೂಪರ್‌ವೈಸರ್ ದುಶ್ಯಂತ್ ಇಬ್ಬರು ಗಾರ್ಡುಗಳ ಜೊತೆ ಗೂಡ್ಸ್ ಆಟೋದಲ್ಲಿ ಬಂದಿಳಿದ. ಗಾರ್ಡುಗಳಲ್ಲಿ ಒಬ್ಬ ಹೂವಪ್ಪ, ಒಂಬತ್ತು ವರ್ಷ ಕರಿಯಣ್ಣನ ಕೈಕೆಳಗೆ ಕುಲುಮೆ ಕೆಲಸ ಕಲಿತವನು. ದುಶ್ಯಂತ್ ದನಿ ಎತ್ತುವ ಜನವಲ್ಲ. ಗುಡ್ಡೆಯ ಇಟ್ಟಿಗೆಯೆಲ್ಲ ಎಣಿಸಿ ಪಾರ್ಟಿಗೆ ಮಾರಿಯಾಗಿದೆ, ನಾಲ್ಕು ಕಮ್ಮಿ ಬಿದ್ದಿದೆ, ನೀವು ಹೊತ್ತದ್ದನ್ನು ಕಂಡವರಿದ್ದಾರೆ, ಸುಮ್ಮನೆ ಕೊಟ್ಟರೆ ಪೊಲೀಸ್ ಕಂಪ್ಲೇಂಟ್ ಬೇಡ ಎಂದು ಫೋನು ನೋಡುತ್ತಲೇ ಹೇಳಿದ. ಕರಿಯಣ್ಣ ಕೂಸಿನ ವಿಷಯ ಹೇಳಿದ, ತೂಕ ಹೇಳಿದ, ಡಾಕ್ಟರು ಹೇಳಿದ್ದನ್ನು ಹೇಳಿದ.

“ರಗ್ಗು ಹೊದಿಸ್ರೀ.”

“ಕರೆಂಟ್ ಕೊಡಿಸಿ ಸಾರ್. ಈ ಇಟ್ಟಿಗೆ ನಾನೇ ತಲೆ ಮೇಲೆ ಹೊತ್ತು ತಂದು ಹಾಕ್ತೀನಿ.”

“ಕರೆಂಟ್ ನಂದಲ್ಲ. ನಂಗೆ ಹೇಳಿರೋದು ಇಟ್ಟಿಗೆ ಅಷ್ಟೆ.”

ಹೂವಪ್ಪ ಕೋಣೆಯ ಹೊಸ್ತಿಲಲ್ಲಿ ತಡೆದು ನಿಂತ. ಪುರುಡಿನ ಮೈಲಿಗೆ ಇರೋ ಮನೆ, ನೀವೇ ಎಳೆದು ಕೊಟ್ಟುಬಿಡಿ ಅಕ್ಕಾ, ಎಂದು ನೆಲ ನೋಡಿಕೊಂಡು ಕೇಳಿದ.

“ಬಾರಪ್ಪ, ಒಳಗೇ ಬಾ,” ಎಂದಳು ಹಾಲಮ್ಮ. “ಪುರುಡು ತಾಗೋದು ಮನುಷ್ಯರಿಗೆ.”

ಅವನು ಬಂದ. ಗೋಣಿಚೀಲದ ಸಮೇತ ಎರಡನ್ನು ಎಳೆದೊಯ್ದ. ಒಲೆಯಲ್ಲಿದ್ದ ಎರಡನ್ನು ಇನ್ನೊಬ್ಬ ಗಾರ್ಡು ಸಲಿಕೆಯಲ್ಲಿ ತೆಗೆದ. ಅವು ಕೆಂಪಗಿದ್ದವು. ಆಟೋದವನು ಒಪ್ಪಲಿಲ್ಲ. ಗಾಡಿಯಲ್ಲಿ ಹಾಸಿದ ಟಾರ್ಪಾಲು ಸುಟ್ಟುಹೋಗುತ್ತೆ, ಆರಿದ ಮೇಲೇ ಹಾಕೋದು ಎಂದು ಹಟ ಹಿಡಿದ. ನಾಲ್ಕನ್ನೂ ಅಂಗಳದ ನಡುವೆ ಒಟ್ಟಿದರು.

ಒಳಗೆ ಸ್ಫೂರ್ತಿಯ ಮೈಯೇ ಹಿಂದಿನ ರಾತ್ರಿ ಹಿಡಿದ ಚಳಿಜ್ವರದಿಂದ ಗಡಗಡ ನಡುಗುತ್ತಿತ್ತು. ಕರಿಯಣ್ಣ ಅಂಗಿ ಬಿಚ್ಚಿ, ಕೂಸನ್ನು ತನ್ನ ಎದೆಗೂಡಿಗೆ ಅವಚಿಕೊಂಡ. ಹಾಲಮ್ಮ ಇಬ್ಬರ ಮೇಲೂ ರಗ್ಗು ಸುತ್ತಿ, ಕೈ ತೂರಿಸಿ ಪಾದ ಹುಡುಕಿದಳು.

“ಹೆಂಗಿದೆ?”

ಅವಳು ಪಾದಗಳನ್ನು ತಿಕ್ಕತೊಡಗಿದಳು. ಇನ್ನಷ್ಟು ಜೋರಾಗಿ ತಿಕ್ಕಿದಳು.

ಕರಿಯಣ್ಣ ಕಿಟಕಿಯ ಸಂದಿಯಿಂದ ಹೊರಗೆ ನೋಡಿದ. ದುಶ್ಯಂತ್ ಫೋನನ್ನು ಜೇಬಿಗಿಳಿಸಿದ್ದ. ಆ ಮಂಜಿನಲ್ಲಿ ಇಟ್ಟಿಗೆಗಳ ಸುತ್ತ ಅವನೂ ಗಾರ್ಡುಗಳಿಬ್ಬರೂ ಕುಕ್ಕರಗಾಲಲ್ಲಿ ಕೂತು, ಅಂಗೈ ಚಾಚಿ, ಚಳಿ ಕಾಯಿಸಿಕೊಳ್ಳುತ್ತಿದ್ದರು.