ಮೋತಿಯ ಶುಗರ್ ಯಾಕೆ ಇಳಿಯಲಿಲ್ಲ?

ಹುಬ್ಬಳ್ಳಿಯ ಶಿಕ್ಷಕಿ ಸುಮಂಗಲಾ ಅವರ ಮನೆಯ ನಾಯಿ ಮೋತಿಗೆ ಒಂಬತ್ತನೇ ವಯಸ್ಸಿನಲ್ಲಿ ಡಯಾಬಿಟಿಸ್ ಬಂತು...

"ನಾಯಿಗೂ ಸಕ್ಕರೆ ಕಾಯಿಲೆಯಾ?" ಎಂದು ಓಣಿಯವರು ನಕ್ಕರು. ಸುಮಂಗಲಾ ನಗಲಿಲ್ಲ.

ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ತೂಕ ಮಾಡಿದ ಊಟ. ಉಂಡ ಕೂಡಲೇ ಕತ್ತಿನ ಹಿಂದಿನ ಚರ್ಮ ಎತ್ತಿ ಇನ್ಸುಲಿನ್. ಯಾರ ಮದುವೆಯಿದ್ದರೂ ಏಳರೊಳಗೆ ಮನೆಗೆ ವಾಪಸ್.

ಎರಡು ತಿಂಗಳಾದರೂ ಶುಗರ್ ಇಳಿಯಲಿಲ್ಲ.

ಮೋತಿ ಎಷ್ಟು ನೀರು ಇಟ್ಟರೂ ಕುಡಿಯುತ್ತಿತ್ತು. ದಿನೇ ದಿನೇ ಸೊರಗುತ್ತಿತ್ತು. ಕಣ್ಣಿಗೆ ಪೊರೆ ಬಂದು ಬಾಗಿಲಿಗೆ ಡಿಕ್ಕಿ ಹೊಡೆಯತೊಡಗಿತು...

ಡಾಕ್ಟರ್ ಎರಡು ಸಲ ಡೋಸ್ ಹೆಚ್ಚಿಸಿದರು. ಮೂರನೇ ಸಲ ಪೆನ್ನು ಕೆಳಗಿಟ್ಟರು.

"ಮನ್ಯಾಗ ಯಾರೋ ಸಿಹಿ ಕೊಡಾಕತ್ತಾರ್ರೀ. ಡೋಸ್ ಇನ್ನ ಏರಿಸಿದ್ರ, ಅದು ಸಿಹಿ ತಿನ್ನದ ದಿನ ಶುಗರ್ ಪೂರ್ತಿ ಇಳಿದು ಜೀವಕ್ಕ ಅಪಾಯ."

ಸುಮಂಗಲಾ ಮನೆಯಲ್ಲಿ ಕೇಳಿದರು. ಗಂಡ ತಾನಲ್ಲವೆಂದ. ಮಾವ ಚನ್ನವೀರಪ್ಪ ಪೇಪರಿನಿಂದ ತಲೆ ಎತ್ತಲೇ ಇಲ್ಲ.

"ನಾ ಯಾಕ ಕೊಡ್ಲೆವಾ?"

ಮರುದಿನ ಶಾಲೆ ಬೇಗ ಬಿಟ್ಟಿತು. ಸುಮಂಗಲಾ ಬಂದಾಗ ಮಾವ ಹಿತ್ತಲಲ್ಲಿ ಕೂತು ಮೋತಿಗೆ ಪೇಡೆ ಮುರಿದು ತಿನ್ನಿಸುತ್ತಿದ್ದರು.

"ಮಾವಾರ! ಅದನ್ನ ಕೊಲ್ಲಬೇಕಂತ ಮಾಡೀರೇನು?"

ಮುದುಕರ ಕೈ ಅಲ್ಲೇ ನಿಂತಿತು.

"ನಿಮ್ಮತ್ತಿ ದವಾಖಾನ್ಯಾಗ ಅರ್ಧಾ ಪೇಡೆ ಕೇಳಿದ್ಲವಾ... ಶುಗರ್ ಐತಿ, ಬುದ್ಧಿ ಇಲ್ಲೇನು ಅಂತ ಬೈದು ಹೊರಗ ಬಂದೆ. ಮೂರು ದಿನಕ್ಕ ಹೋಗೇಬಿಟ್ಲು. ಇದು ನೋಡೂದೂ ಆಕಿ ನೋಡಿದಂಗ ಐತಿ... ಹ್ಯಾಂಗ ಇಲ್ಲ ಅನ್ಲಿ?"

ಅತ್ತೆ ತೀರಿ ಎರಡು ವರ್ಷವಾಗಿತ್ತು. ಈ ಮಾತನ್ನು ಮಾವ ಯಾರ ಮುಂದೆಯೂ ಆಡಿರಲಿಲ್ಲ.

ಸುಮಂಗಲಾ ಉಳಿದ ಪೇಡೆ ಎತ್ತಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ತಕ್ಕಡಿ, ಮೋತಿಯ ಬಟ್ಟಲು ಎರಡನ್ನೂ ತಂದು ಮಾವನ ಮುಂದಿಟ್ಟರು.

"ಇನ್ಮ್ಯಾಲೆ ಎರಡೂ ಹೊತ್ತು ನೀವ ಉಣಸ್ರಿ. ನಡುವ ಕೇಳಿದ್ರ ಕುದಿಸಿದ ಬೀನ್ಸ್ ಕೊಡ್ರಿ. ಸೂಜಿ ನಾ ಮಾಡ್ತೀನಿ."

"ನನ್ನ ನಂಬ್ತೀಯೇನವಾ?"

"ನಿಮ್ಮ ಕೈಯಾಗಿಂದಾದ್ರ ಅದು ಬೀನ್ಸೂ ತಿಂತೈತ್ರಿ."

ಆರು ವಾರಕ್ಕೆ ಶುಗರ್ ಹಿಡಿತಕ್ಕೆ ಬಂತು. ಹೋದ ಕಣ್ಣು ಮರಳಲಿಲ್ಲ. ಮೈ ಮಾತ್ರ ತುಂಬಿಕೊಂಡಿತು.

ಒಂದು ಸಂಜೆ ಮಾವ ತಾವೇ ಸಿರಿಂಜ್ ಕೇಳಿ ಪಡೆದರು. ಕತ್ತಿನ ಚರ್ಮ ಎತ್ತಿ ಚುಚ್ಚಿ, ಮೋತಿಯ ಬೆನ್ನು ಸವರುತ್ತ ಮೆಲ್ಲಗೆ ಅಂದರು:

"ಆಕಿಗೂ ಹಿಂಗ ಬಾಜೂಕ ಕುಂತು ಉಣಸಬೇಕಿತ್ತು..."

ಅಡುಗೆಮನೆಯಲ್ಲಿದ್ದ ಸುಮಂಗಲಾಗೆ ಅದು ಕೇಳಿಸಿತು. ಅವರು ಹೊರಗೆ ಬರಲಿಲ್ಲ.

*ಪಥ್ಯ ಹೇಳುವವರು ನೂರು ಜನ ಸಿಗುತ್ತಾರೆ... ಪಥ್ಯದ ತಟ್ಟೆಯ ಮುಂದೆ ಜೊತೆಗೆ ಕೂರುವವರು ಒಬ್ಬರು ಸಿಕ್ಕರೂ ಪುಣ್ಯ.*

ನಿಮ್ಮ ಮನೆಯಲ್ಲಿ ಪಥ್ಯ ಮಾಡುವವರ ಪಕ್ಕ ಕೂತು ನೀವು ಕೊನೆಯ ಸಲ ಉಂಡದ್ದು ಯಾವಾಗ?