ಚಟ್ನಿಯ ಕಾಯಿ

ಟಿವಿಯಲ್ಲಿ ರಮಿತಾ ಮಾತಿಗೆ ಎದ್ದ ಕೂಡಲೇ ಜಯಶೀಲ ರಿಮೋಟ್ ಎತ್ತಿ ಸ್ವರ ಹೆಚ್ಚಿಸಿದ. ಮಾಜಿವಾಡಾದ ಅವನ ಹೋಟೆಲಿನಲ್ಲಿ ಲೋಕಸಭೆಯ ಚರ್ಚೆ ಹಾಕುತ್ತಿದ್ದುದೇ ವಿರೋಧ ಪಕ್ಷದ ಈ ಸಂಸದೆಗಾಗಿ. ಒಂದು ಕಾಲದಲ್ಲಿ ಅವನ ಜೊತೆ ಮದುವೆ ನಿಶ್ಚಯವಾಗಿ ತಪ್ಪಿಹೋದ ಹುಡುಗಿ ಅವಳು. ಗಲ್ಲಾದ ಪಕ್ಕ ಕೂತಿದ್ದ ಹೆಂಡತಿ ಸ್ವರ್ಣಲತಾ ರಮಿತಾಳ ಸೀರೆಯಲ್ಲಿ ಹುಳುಕು ಹುಡುಕಿದಳು. ಒಂದೂ ಸಿಗದೆ ಹೊಟ್ಟೆ ಇನ್ನಷ್ಟು ಉರಿಯಿತು.

ಖರ್ಚು ಕಡಿತದ ಹೆಸರಿನಲ್ಲಿ ಸರ್ಕಾರ ಶಾಲೆ, ಆಸ್ಪತ್ರೆಗಳ ಹಣಕ್ಕೇ ಕತ್ತರಿ ಹಾಕಿದೆ ಎಂದು ರಮಿತಾ ಹಿಂದಿಯಲ್ಲಿ ಗುಡುಗಿದಳು. "ಚಟ್ನಿಯಲ್ಲಿ ಕಾಯಿ ಉಳಿಸಲು ಹೋದವನ ಹೋಟೆಲಿನಲ್ಲಿ ಕಡೆಗೆ ಉಳಿಯುವುದು ಖಾಲಿ ಬೆಂಚು ಮಾತ್ರ, ಮಂತ್ರಿಗಳೇ!"

ಸದನದಲ್ಲಿ ಮೇಜು ಕುಟ್ಟುವ ಸದ್ದು ಎದ್ದಿತು. ಜಯಶೀಲನೂ ಗಲ್ಲಾ ಕುಟ್ಟಿದ. "ಎಂತ ಮಾತು ಮಾರಾಯ್ತಿ!"

ಸ್ವರ್ಣಲತಾ ಅವನ ಮುಖವನ್ನೇ ನೋಡಿದಳು. "ಕಳೆದ ವಾರ ಅಡುಗೆಮನೆಯಲ್ಲಿ ನಾನು ಇದೇ ಮಾತು ಹೇಳಿದ್ದೆ. 'ನಿನಗೆಂತ ಗೊತ್ತು ವ್ಯಾಪಾರ' ಅಂತ ಬೈದಿರಿ. ಆಗ ಅಲ್ಲಿ ಇದ್ದದ್ದು ನಾವಿಬ್ಬರೇ ಅಲ್ವಾ? ಮತ್ತೆ ಅದು ಅವಳಿಗೆ ಮುಟ್ಟಿದ್ದು ಹೇಗೆ?"

ಇನ್ನೊಮ್ಮೆ ಕುಟ್ಟಲು ಎತ್ತಿದ ಅವನ ಕೈ ಕೆಳಗಿಳಿಯಲಿಲ್ಲ.